ಅತ್ತೆಯ ಎಡಗೈ

ನಮ್ಮ ಅತ್ತೆ ರತ್ನಾಬಾಯಿಯ ಬಾಯಿಗೆ ಕಾಳಗಿಯ ಅರ್ಧ ಊರು ಹೆದರುತ್ತದೆ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ, ಪೂಜೆಗೆ ಕುಳಿತಾಗ ನನ್ನ ಅಂಗೈ ಮೇಲಿನ ಇಷ್ಟಲಿಂಗ ಒಂದಿಷ್ಟು ಅಲುಗಿತು. ಬೀಗರೆಲ್ಲ ಕೂತಿದ್ದಾಗಲೇ ಅತ್ತೆ ಅಂದರು: “ಕೈ ನಡುಗಿತಂದ್ರ ಮನಸು ನಡುಗ್ಯಾದ ಅಂತ ತಿಳ್ಕೋ, ಭಾಗ್ಯಶ್ರೀ.” ಆ ಮಾತು ಇನ್ನೂ ಚುಚ್ಚುತ್ತದೆ, ಸುಳ್ಳು ಯಾಕೆ ಹೇಳಲಿ.

ಈ ಸಲ ತೊಗರಿ ರಾಶಿಯ ಹೊತ್ತಿಗೆ ಅವರದೇ ಎಡಗೈಗೆ ಏನೋ ಆಯಿತು. ಮೊದಲು ಕಿರುಬೆರಳಿಗೆ ಜೋಮು, ಆಮೇಲೆ ಉಂಗುರಬೆರಳಿಗೆ. ಸಾರಿನ ಪಾತ್ರೆ ಅವರ ಕೈಯಿಂದ ಜಾರಿತು, ಬೈಗುಳ ಮಾತ್ರ ಪಾತ್ರೆ ತಿಕ್ಕಿದ ನನಗೆ. ಒಂದು ಬೆಳಿಗ್ಗೆ ಪೂಜೆಯಲ್ಲಿ ಆ ಎರಡು ಬೆರಳು ತಾವಾಗಿಯೇ ಒಳಕ್ಕೆ ಮುದುಡಿ ಲಿಂಗ ವಾಲಿತು. ಬಲಗೈಯಿಂದ ಗಕ್ಕನೆ ಹಿಡಿದುಕೊಂಡರು. ಬಾಗಿಲಲ್ಲಿ ನಿಂತು ನೋಡಿದೆ. ‘ಮಾಡಿದ್ದುಣ್ಣೋ ಮಹರಾಯ’ ಎಂದು ಒಳಗೊಳಗೇ ನಗಬೇಕಿತ್ತು, ನಗು ಬರಲಿಲ್ಲ.

ಮರುದಿನದಿಂದ ಅತ್ತೆ ಪೂಜೆ ಹೆಚ್ಚಿಸಿದರು. ಮೊಣಕೈ ಮಡಚಿ, ಲಿಂಗವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಕುಳಿತರೆ ಬಿಸಿಲೇರಿದರೂ ಏಳುತ್ತಿರಲಿಲ್ಲ. ಒಪ್ಪತ್ತು ಊಟವನ್ನೂ ಹಿಡಿದರು. ಆದರೆ ಪೂಜೆ ಹೆಚ್ಚಿದಷ್ಟೂ ಕೈ ಸೋಲುತ್ತಲೇ ಹೋಯಿತು.

“ನನ್ನಿಂದ ಏನ್ ತಪ್ಪಾಗ್ಯಾದ? ನಿನಗರ ಗೊತ್ತದ ಏನು?” ಎಂದು ನನ್ನನ್ನೇ ಕೇಳಿದರು. ನನ್ನ ತಪ್ಪು ಬಿಟ್ಟು ತಮ್ಮ ತಪ್ಪು ಹುಡುಕುವ ಅತ್ತೆಯನ್ನು ನಾನು ಕಂಡೇ ಇರಲಿಲ್ಲ. ಹೆದರಿಕೆಯಾಗಿ ಅವರನ್ನು ಸೇಡಂ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಡಾಕ್ಟರ್ ಅತೀಯಾ ಅವರು ಅತ್ತೆಯ ಮೊಣಕೈಯ ಒಳಬದಿಗೆ ಬೆರಳಿಂದ ಮೆಲ್ಲಗೆ ಬಡಿದರು. ಅತ್ತೆ ಬೆಚ್ಚಿ ಕಿರುಬೆರಳು ಹಿಡಿದುಕೊಂಡರು.

“ಬಡದದ್ದು ಅಲ್ಲಿ, ಜುಮ್ಮಂದದ್ದು ಇಲ್ಲಿ!”

“ಬೆರಳಿಗಿ ಹೋಗೋ ನರ ಮೊಣಕೈಯಾಗ ಒತ್ತಿಕೊಂಡದರಿ ಅಮ್ಮಾ. ಕೈ ಮಡಚಿ ಭಾಳ ಹೊತ್ತು ಏನರ ಮಾಡ್ತೀರೇನು?”

ಪೂಜೆಯ ವಿಷಯ ನಾನೇ ಹೇಳಿದೆ.

“ಹಂಗಾರ ಪೂಜಾ ಮಾಡಿದ್ದಕ್ಕ ಕೈ ಹೋಯ್ತೇನ್ರಿ?” ಅತ್ತೆಯ ದನಿ ಸಣ್ಣದಾಗಿತ್ತು.

“ಪೂಜಾಕ್ಕಲ್ರಿ, ಮಡಚಿದ್ದಕ್ಕ. ಕೈ ಚಾಚಿ ಇಡ್ರಿ. ಮಲಗುವಾಗ ಮೊಣಕೈಗೆ ಟವೆಲ್ ಸುತ್ಕೊಳ್ರಿ. ಕಮ್ಮಿ ಆಗಲಿಲ್ಲಂದ್ರ ಆಪರೇಷನ್ ನೋಡೋಣು.”

ತಪ್ಪಿಲ್ಲ ಎಂದು ಸಮಾಧಾನಪಡಬೇಕೋ, ಭಕ್ತಿಯೇ ಕೈ ಕೆಡಿಸಿತೆಂದು ಅಳಬೇಕೋ ಅತ್ತೆಗೆ ತಿಳಿಯಲಿಲ್ಲ, ನನಗೂ ಇಲ್ಲ. ಬಸ್ಸಿನಲ್ಲಿ ಒಂದೇ ಮಾತು: “ಚಾಚಿದ ಕೈಯಾಗ ಲಿಂಗ ಹ್ಯಾಂಗ ನಿಲ್ತದ?”

ಮರುದಿನ ಬೆಳಿಗ್ಗೆ ಅವರು ಕೈ ಚಾಚಿ ಕುಳಿತರು. ಬೆರಳು ಮುದುಡಿದವು, ಲಿಂಗ ವಾಲತೊಡಗಿತು. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಕೈ ಮುಟ್ಟಬಾರದೆಂದು ಯಾರೂ ಹೇಳಿಲ್ಲ. ಎದುರಿಗೆ ಕುಳಿತು ಅವರ ಅಂಗೈಯ ಕೆಳಗೆ ನನ್ನ ಅಂಗೈ ಇಟ್ಟೆ.

“ಕೈ ನಡುಗ್ಲಿಕತ್ತದಲ್ಲ, ಭಾಗ್ಯಶ್ರೀ,” ಎಂದರು.

“ನಡುಗ್ಲಿ ಬಿಡ್ರಿ ಅತ್ತಿ. ಬೀಳಂಗಿಲ್ಲ.”