ಬಿಳಿ ಬಟ್ಟೆಯ ಗಂಟು

ಅಥಣಿಯಲ್ಲಿ ನಮ್ಮ ಓಣಿಯ ಕಸಕ್ಕೆ ಒಂದು ಪದ್ಧತಿ ಇತ್ತು. ಚುಚ್ಚುವಂಥದ್ದು, ಕೊಯ್ಯುವಂಥದ್ದು ಇದ್ದರೆ ಬಟ್ಟೆಯಲ್ಲಿ ಗಂಟು ಕಟ್ಟಿ ಕೊಡಬೇಕು. ಗಾಡಿಯವನು ಆ ಗಂಟು ಬಿಚ್ಚುತ್ತಿರಲಿಲ್ಲ, ಬೇರೆ ಡಬ್ಬಿಗೆ ಹಾಕುತ್ತಿದ್ದ. ಗಂಡನಿಗೆ ವರ್ಗವಾಗಿ ನಿಪ್ಪಾಣಿಗೆ ಬಂದ ಮೊದಲ ವಾರವೇ ಇಲ್ಲಿಯ ರೀತಿ ಬೇರೆ ಎಂದು ನಗರಸಭೆಯವರು ಮನೆಗೆ ಚೀಟಿ ಕೊಟ್ಟು ಹೋಗಿದ್ದರು. ಹಸಿ, ಒಣ, ಬಟ್ಟೆ ಬೇರೆ ಬೇರೆ. ಸೂಜಿ, ಗಾಜು ಗಟ್ಟಿ ಮುಚ್ಚಳದ ಬಾಟಲಿಯಲ್ಲಿ. ಕಸ ಹಾಕುವುದನ್ನೂ ಇವರಿಂದ ಕಲಿಯಬೇಕೇ ಎಂಬ ದಿಮಾಕು ನನಗೆ. ಚೀಟಿಯನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಬಿಟ್ಟೆ.

ನಮ್ಮದು ಜೈನರ ಮನೆ. ನೀರಿನಲ್ಲಿರುವ ಕಣ್ಣಿಗೆ ಕಾಣದ ಜೀವಕ್ಕೂ ಕೇಡಾಗಬಾರದೆಂದು ಬಿಳಿ ಬಟ್ಟೆಯಲ್ಲಿ ಸೋಸದೆ ಒಂದು ಗುಟುಕು ಕುಡಿಯುವುದಿಲ್ಲ. ಆ ಬಟ್ಟೆ ತುಸು ತೆಳುವಾದರೂ ಅತ್ತೆ ಬದಲಿಸುತ್ತಾರೆ. ಹಾಗೆ ಬದಲಿಸಿದ ಬಟ್ಟೆಯಲ್ಲೇ ಅವರ ಇನ್ಸುಲಿನ್ ಸೂಜಿಗಳನ್ನು ಗಂಟು ಕಟ್ಟಿ, ಒಣ ಕಸದ ಬುಟ್ಟಿಯ ಮೇಲಿಟ್ಟು ಕೊಟ್ಟೆ.

ಗಾಡಿಯ ಜೊತೆ ಬರುವ ಹೆಂಗಸು ಬಾಗಿಲಲ್ಲೇ ಗಂಟು ಬಿಚ್ಚಲು ಹೋದವಳು ಸರಕ್ಕನೆ ಕೈ ಹಿಂದೆಳೆದುಕೊಂಡಳು. ಕೈಗವಸು ತೆಗೆದರೆ ಹೆಬ್ಬೆರಳ ಮೇಲೆ ಒಂದು ಹನಿ ರಕ್ತ.

“ಏನಿತ್ರಿ ಅಕ್ಕಾರ ಇದರಾಗ?”

“ಸೂಜಿ,” ಎಂದೆ.

ಸಾಬೂನು ಹಚ್ಚಿ ನಳದ ಕೆಳಗೆ ಅವಳ ಬೆರಳು ತೊಳೆದೆ. ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಮೊದಲು ಕೇಳಿದ್ದೇ, “ಸೂಜಿ ಯಾರದ್ರಿ? ಅವರ ರಕ್ತಾನೂ ನೋಡಬೇಕು.” ಬಹಳ ವರ್ಷಗಳ ಹಿಂದೆ ಆಪರೇಷನ್ ಆದಾಗ ಅತ್ತೆಗೆ ಯಾರದೋ ರಕ್ತ ಹಾಕಿಸಿದ್ದರು. ಅದರಲ್ಲಿ ಏನಿತ್ತೋ, ಈಗ ಅದು ಈ ಹೆಂಗಸಿನ ಮೈ ಸೇರಿತೋ ಎಂದು ಅಂಜಿದೆ.

ಹೇಳಿ ಕಳಿಸಿದೊಡನೆ ಅತ್ತೆ ಆಸ್ಪತ್ರೆಗೆ ಬಂದು ತೋಳು ಚಾಚಿದರು. ವರದಿ ನಾಳೆ ಎಂದರು ಡಾಕ್ಟರು. ಹೊರಗೆ ಬರುವಾಗ ಅತ್ತೆ, “ನೀರ ಸೋಸಿ ಕುಡದ ಏನ ಬಂತ ಬೇ, ಮನಷ್ಯಾರ ಜೀವಾ ನೋಡಲಿಲ್ಲ ನಾವು,” ಅಂದರು. ನಾವು ಅಂದದ್ದು ಅವರ ದೊಡ್ಡತನ. ತಪ್ಪು ನನ್ನೊಬ್ಬಳದೇ.

ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ ಮನೆಯಲ್ಲಿ ಆ ದಿನ ಮಾಡಿದ ಅಡುಗೆ ಹಾಗೇ ಉಳಿಯಿತು. ಸುಳ್ಳೇಕೆ ಹೇಳಲಿ, ಅವಳ ಸಲುವಾಗಿ ಅಂಜಿದ್ದು ಅರ್ಧ. ಏನಾದರೂ ಆದರೆ ದಿನಾ ಬೆಳಿಗ್ಗೆ ಬಾಗಿಲಲ್ಲಿ ಅವಳ ಮುಖ ಹೇಗೆ ನೋಡಲಿ ಎಂದು ಅಂಜಿದ್ದು ಇನ್ನರ್ಧ. ಕ್ಯಾಲೆಂಡರಿನ ಹಿಂದಿನ ಚೀಟಿ ತೆಗೆದು ಮೂರು ಸಲ ಓದಿದೆ. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಹಾಗಾಯಿತು ನನ್ನ ಓದು.

ಮರುದಿನ ವರದಿ ಬಂತು. ಅತ್ತೆಯ ರಕ್ತದಲ್ಲಿ ಏನೂ ಇರಲಿಲ್ಲ. ಹೆದರುವ ಕಾರಣವಿಲ್ಲ ಎಂದು ಡಾಕ್ಟರು ಹೇಳಿದರು. ಓಣಿಯ ತುದಿಯಲ್ಲಿ ಗಾಡಿ ಕಂಡದ್ದೇ ಚಪ್ಪಲಿ ಸಹ ಮೆಟ್ಟದೆ ಓಡಿ ಹೋಗಿ ಹೇಳಿದೆ. ಅವಳು ಗಾಡಿಗೆ ಆತು ನಿಂತಳು. ಆಮೇಲೆ ನೆಲ ನೋಡುತ್ತ ಮಾತಾಡಿದಳು.

“ಬೈಬ್ಯಾಡ್ರಿ ಅಕ್ಕಾರ. ಬಟ್ಟಿ ಭಾಳ ಛಲೋ ಕಾಣತ್ರಿ. ಕೂಸಿಗೆ ನೀರ ಸೋಸಿ ಕೊಡಾಕ ಆಕ್ಕತಿ ಅಂತ, ಮನಿಗೆ ಒಯ್ಯಾಕ ಗಂಟ ಬಿಚ್ಚಿದೆ. ಕಸದಾಗಿಂದ ಏನೂ ಒಯ್ಯಬಾರದ್ರಿ ನಾವು. ನೀವು ಆಫೀಸಿಗೆ ಹೇಳಿ ನನ್ನ ಕೆಲಸಾ ಬಿಡಸತೀರಂತ ನಿನ್ನಿಯಿಂದ ಜೀವದಾಗ ಜೀವಾ ಇರಲಿಲ್ರಿ.”

ಸೂಜಿ ಕೊಟ್ಟವಳು ನಾನು. ನಿನ್ನೆಯಿಂದ ಅವಳು ಅಂಜುತ್ತಿದ್ದದ್ದೂ ನನಗೇ.