ತುಂಬಿದ ಹಾಳೆಯ ಕೆಳಗಿನ ಸಹಿ

ಒಂದಾನೊಂದು ಕಾಲದಲ್ಲಿ, ಹೀಬ್ರೂ ಜನರ ನಾಡಿನಲ್ಲಿ, ಗುಡಿಯ ಬಾಗಿಲ ಕುರ್ಚಿಯಲ್ಲಿ ಕೂತೇ ಮುದಿಯಾದ ಒಬ್ಬ ಯಾಜಕನಿದ್ದನಂತೆ. ಅವನ ಮಕ್ಕಳು ಮೂರು ಮುಳ್ಳಿನ ಕೊಕ್ಕೆ ಹಿಡಿದು, ದೇವರ ಪಾಲು ಸಲ್ಲುವ ಮೊದಲೇ ಬಲಿಯ ಮಾಂಸವನ್ನು ಎತ್ತಿಕೊಳ್ಳುತ್ತಿದ್ದರಂತೆ. ಅಪ್ಪ ಗದರಿದ, ತಡೆಯಲಿಲ್ಲ.

ಈ ಕಥೆಯಿರುವ ಪುರಾತನ ಹೀಬ್ರೂ ಗ್ರಂಥವನ್ನು ಶಿವಮೊಗ್ಗದ ತರಗತಿಗೆ ಅಜ್ಜಿಕಥೆಯಷ್ಟು ಹತ್ತಿರ ತಂದವರು ಪ್ರೊ. ಸೀತಾಲಕ್ಷ್ಮಿಯವರು. ಹೊಸಮನೆಯ ವೈದಿಕ ಮನೆತನದಲ್ಲಿ ಬೆಳೆದು, ಸಂಸ್ಕೃತದ ಬೆನ್ನಿಗೇ ಹೀಬ್ರೂ ಅಕ್ಷರಗಳನ್ನು ತಾವೇ ತಿದ್ದಿ ಕಲಿತು, ಮೂವತ್ತೊಂದು ವರ್ಷ ಧರ್ಮಗ್ರಂಥಗಳನ್ನು ಬೋಧಿಸಿದ ಅವರು, ಭದ್ರಾವತಿಯ ಬಸ್ಸು ತಡವಾದರೆ ಮಕ್ಕಳಿಗೆ ಅನ್ಯಾಯವಾಗದಿರಲೆಂದು ಹಾಜರಿಯನ್ನು ಪಾಠದ ಕೊನೆಗೇ ಕರೆಯುತ್ತಿದ್ದರು. “ಕದ್ದೋರ ತಪ್ಪು ಎಲ್ರಿಗೂ ಕಾಣುತ್ತೆ. ಕುರ್ಚೀಲಿ ಕೂತೋನ ತಪ್ಪೇನು, ಹೇಳ್ರೋ” ಎಂಬುದು ಅವರ ಪ್ರಶ್ನೆ.

ಆರು ವರ್ಷದ ಹಿಂದೆ ಪ್ರಶ್ನೆ ಅವರತ್ತಲೇ ತಿರುಗಿತು. ಅವರ ನೆಚ್ಚಿನ ಶಿಷ್ಯ ನಿರಂಜನರು ಅಧ್ಯಕ್ಷರಾಗಿದ್ದ ಶಿಷ್ಯರ ಸಂಘದ ಭಾಷಣ ಸ್ಪರ್ಧೆಯಲ್ಲಿ ಒಂದು ರೂಢಿಯಿತ್ತು: ತೀರ್ಪುಗಾರರು ಕಚ್ಚಾ ಅಂಕ ಬರೆದಿಟ್ಟು, ಖಾಲಿ ಫಲಿತಾಂಶಪಟ್ಟಿಗೆ ಸಹಿ ಹಾಕಿ ಊಟಕ್ಕೆ ಏಳುವುದು. ಉಳಿದದ್ದನ್ನು ಅಧ್ಯಕ್ಷರು ತುಂಬುವರು. ಆ ಸಲ ತೀರ್ಪುಗಾರರು ಸೀತಾಲಕ್ಷ್ಮಿಯವರೇ. ಜನ್ನಾಪುರದ ಲಿಖಿತಾ ಅದೇ ಮುದಿ ಯಾಜಕನ ಬಗ್ಗೆ ಮಾತಾಡಿ ಅಂಕಗಳಲ್ಲಿ ಮೊದಲಿಗಳಾಗಿದ್ದಳು. ಘೋಷಣೆಯಾದದ್ದು ನಿರಂಜನರ ಅಣ್ಣನ ಮಗ ಪ್ರಣವನ ಹೆಸರು.

“ಏನೋ ಮಾರಾಯ ಇದು?” ಎಂದು ಅವರು ನಿರಂಜನರನ್ನು ಕೇಳಿದರು.

“ಕೆಳಗೆ ನಿಮ್ಮ ಸಹೀನೇ ಇದೆಯಲ್ಲ ಮೇಡಂ.”

ಮೆಟ್ಟಿಲ ಮೇಲೆ ಅಳುತ್ತಿದ್ದ ಲಿಖಿತಾಳಿಗೆ ಸೀತಾಲಕ್ಷ್ಮಿಯವರು “ಬರವಣಿಗೇಲೇ ಸರಿ ಮಾಡ್ಕೊಡ್ತೀನಿ ಕಣೇ” ಎಂದು ಮಾತು ಕೊಟ್ಟರು. ಕೊಟ್ಟದ್ದಷ್ಟೇ. ಮಗನಂತೆ ಬೆಳೆಸಿದ ಶಿಷ್ಯ. ಊರು ಆಡಿಕೊಂಡೀತೆಂಬ ಅಂಜಿಕೆ. ಅಂದಿನಿಂದ ಆ ಕಥೆ ಬಂದಾಗಲೆಲ್ಲ ಪುಟ ಹಾರಿಸುವರು; ಕುರ್ಚಿಯಲ್ಲಿ ಕೂತವರು ಎದ್ದು ಕಿಟಕಿಗೆ ಹೋಗುವರು, ಬರುವರು, ಮತ್ತೆ ಏಳುವರು.

ನಿವೃತ್ತಿಯ ಹೊತ್ತಿಗೆ, ಶಿಷ್ಯರೆಲ್ಲ ಸೇರಿ ತರುತ್ತಿರುವ ಈ ಅಭಿನಂದನ ಗ್ರಂಥದ ಪ್ರಸ್ತಾಪ ಹಿಡಿದು ನಿರಂಜನರು ಮನೆಗೆ ಬಂದಾಗ, “ಆ ಸಂಗತಿ ಇಲ್ಲದ ಪುಸ್ತಕ ನಂಗೆ ಬೇಡ” ಎಂದುಬಿಟ್ಟರು.

“ಮದುವೆಮನೇಲಿ ತಿಥಿ ಮಂತ್ರ ಯಾಕೆ ಮೇಡಂ? ನನ್ನ ಮರ್ಯಾದೆನೂ ಹೋಗುತ್ತೆ, ನಿಮ್ಮದೂ.”

“ನಂದು ಮೊದ್ಲು ಹೋಗ್ಲಿ. ಸಹಿ ನಂದು.”

ನಿರಂಜನರು ಪ್ರಸ್ತಾಪದ ಹಾಳೆಯಲ್ಲಿ ಅದನ್ನೂ ಬರೆದುಕೊಂಡರು. “ಹಾಕ್ಸೋಣ” ಎಂದರು.

ಮರುದಿನವೇ ಸೀತಾಲಕ್ಷ್ಮಿಯವರು ಜನ್ನಾಪುರದ ಬಸ್ಸು ಹತ್ತಿದರು. ಬಾಗಿಲಲ್ಲೇ ಲಿಖಿತಾಳ ಅಜ್ಜಿ ವಿಮಲಮ್ಮ ಎದುರಾದರು.

“ಬನ್ನಿ ಟೀಚ್ರಮ್ಮ. ಶಿವಮೊಗ್ಗದ ಬಸ್ಸು ಆರು ವರ್ಷ ತಗಳ್ತಾ?”

ಮುಂದಿಟ್ಟ ಕುರ್ಚಿಯಲ್ಲಿ ಅವರು ಕೂರಲಿಲ್ಲ. ಜೋಪಾನವಾಗಿಟ್ಟಿದ್ದ ಕಚ್ಚಾ ಅಂಕಗಳನ್ನು ಎದುರಿಗಿಟ್ಟುಕೊಂಡು, ಗೋಡೆಯ ಗೂಡಿನ ಅಂಚಿಗೆ ಹಾಳೆ ಒತ್ತಿಹಿಡಿದು, ಗೆದ್ದವರು ಯಾರು, ಖಾಲಿ ಪಟ್ಟಿಗೆ ಸಹಿ ಮಾಡಿದವರು ಯಾರು, ಆರು ವರ್ಷ ಸುಮ್ಮನಿದ್ದವರು ಯಾರು ಎಂಬುದನ್ನೆಲ್ಲ ಈ ಗ್ರಂಥದಲ್ಲೇ ಅಚ್ಚಾಗಲೆಂದು ಬರೆದರು. ಪುಟ ಹಾರಿಸದೆ ಪಾಠ ಹೇಳುವ ಆಯುಸ್ಸು ಅವರಿಗೆ ನೂರ್ಕಾಲ ಸಿಗಲಿ, ಅರ್ಧಕ್ಕೆ ನಿಂತ ಅವರ ಹೀಬ್ರೂ ಗ್ರಂಥದ ಅನುವಾದ ಕೈಗೂಡಲಿ ಎಂಬುದು ಶಿಷ್ಯರೆಲ್ಲರ ಹಾರೈಕೆ.

“ಸಹಿ?” ಎಂದಳು ಲಿಖಿತಾ.

“ನೀನು ಪೂರ್ತಿ ಓದು ಮೊದ್ಲು.”

ಅವಳು ಕೊನೆಯ ಸಾಲಿನವರೆಗೂ, ಅಜ್ಜಿಗೆ ಕೇಳುವಂತೆ, ಗಟ್ಟಿಯಾಗಿ ಓದಿದಳು. ಆಮೇಲೆ ಸೀತಾಲಕ್ಷ್ಮಿಯವರು ಸಹಿ ಹಾಕಿದರು.