ನಡುಗುವ ಕಾರು, ಅಪ್ಪನ ಅಂಗೈ

ಹಲಸೂರು ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ನಮ್ಮ ಕಾರು ನಡುಗುತ್ತಿತ್ತು. ಓಡುವಾಗ ಏನೂ ಇಲ್ಲ. ಬ್ರೇಕು ಒತ್ತಿ ನಿಂತ ಕೂಡಲೇ ಇಂಜಿನ್ನು ಒಮ್ಮೆ ಏರಿ, ಒಮ್ಮೆ ಇಳಿದು, ಇನ್ನೇನು ಆಫ್ ಆಯಿತು ಅನ್ನುವಷ್ಟರಲ್ಲಿ ಮತ್ತೆ ಚೇತರಿಸಿಕೊಳ್ಳುತ್ತಿತ್ತು. ಸ್ಟೇರಿಂಗ್ ಹಿಡಿದ ನನ್ನ ಕೈಬಳೆಗಳು ಗಲಗಲ ಅನ್ನುತ್ತಿದ್ದವು. ಹಿಂದಿನವನು ಹಾರ್ನ್ ಬಾರಿಸಿದರೆ ಕನ್ನಡಿಯಲ್ಲೇ ಅವನನ್ನು ನುಂಗುವ ಹಾಗೆ ನೋಡುತ್ತಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು.

ಇಂಥದ್ದಕ್ಕೆಲ್ಲ ನಾನು ಹೊರಗೆ ಹೋಗಬೇಕಾದವಳಲ್ಲ. ನಮ್ಮಪ್ಪ ಶಿವಾಜಿನಗರದ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್ ಆಗಿಯೇ ತಲೆಗೂದಲು ಬೆಳ್ಳಗೆ ಮಾಡಿಕೊಂಡವನು. ಗಾಡಿ ಗೇಟಿನೊಳಗೆ ಬರುವ ಸದ್ದಿನಲ್ಲೇ ಅದರ ಕಾಯಿಲೆ ಹೇಳುತ್ತಿದ್ದ. ಈಗ ಕಗ್ಗದಾಸಪುರದಲ್ಲಿ ನನ್ನ ಜೊತೆಗಿದ್ದಾನೆ. ಕಿವಿ ಮಂದವಾಗಿದೆ, ಒಪ್ಪಿಕೊಳ್ಳುವುದಿಲ್ಲ ಅಷ್ಟೆ. ನಾವೆಲ್ಲ ಈಚೆಗೆ ಬಾಯೊಳಗೇ ಮಾತಾಡುತ್ತೇವಂತೆ.

ದಿನಾ ಬೆಳಗ್ಗೆ ಕಾಫಿ ಕುಡಿದು, ಕಾರು ಸ್ಟಾರ್ಟ್ ಮಾಡಿ ಐದು ನಿಮಿಷ ಹಾಗೇ ಬಿಡುವುದು ಅವನ ಕೆಲಸವಾಗಿತ್ತು. ದಸರೆಗೆ ಸ್ವಲ್ಪ ಮುಂಚೆ ಒಂದು ದಿನ, ಆಗಲೇ ಓಡುತ್ತಿದ್ದ ಇಂಜಿನ್ನಿಗೆ ಮತ್ತೆ ಕೀ ತಿರುಗಿಸಿಬಿಟ್ಟ. ಕರ್ರ್ ಎಂದದ್ದು ಇಡೀ ಬೀದಿಗೆ ಕೇಳಿಸಿತು. ಅವನೊಬ್ಬನಿಗೆ ಕೇಳಿಸಲಿಲ್ಲ, ಇನ್ನೊಂದು ಸಲ ತಿರುಗಿಸಿದ. ನಾನು ಓಡಿಹೋಗಿ, ಎದುರುಮನೆಯ ಗಂಡಹೆಂಡತಿ ನೋಡುತ್ತಿದ್ದಾರೆ ಎಂಬುದನ್ನೂ ಲೆಕ್ಕಿಸದೆ ಕೂಗಾಡಿದೆ.

'ಕಿವಿ ಕೇಳ್ಸಲ್ಲ ಅಂದ್ಮೇಲೆ ಗಾಡಿ ಯಾಕಪ್ಪ ಮುಟ್ತೀಯ?'

ಕೀ ಕಿತ್ತುಕೊಂಡು ಬ್ಯಾಗಿಗೆ ಹಾಕಿಕೊಂಡೆ. ಮಾರನೆಯ ದಿನದಿಂದ ಅಪ್ಪ ಕಾಫಿ ಲೋಟ ಹಿಡಿದು ಕಾರಿನ ಪಕ್ಕ ನಿಲ್ಲುವುದು, ಗಾಜು ಒರೆಸುವುದು, ಒಳಗೆ ಬರುವುದು. ಅಡುಗೆಮನೆ ಕಿಟಕಿಯಿಂದ ದಿನಾ ನೋಡುತ್ತಿದ್ದೆ. ಆದರೂ ಕೀ ವಾಪಸು ಕೊಡಲಿಲ್ಲ, ಅಂಥ ಹಟಮಾರಿ ನಾನು.

ನಡುಕ ಶುರುವಾದದ್ದು ಆಯುಧ ಪೂಜೆ ಆದ ಮೇಲೆ. ಬೇರೆಯವರು ಬಾನೆಟ್ಟಿನ ಮೇಲೆ ಹಾರ ಹಾಕಿ ಕೈ ಮುಗಿಯುತ್ತಾರೆ. ಗ್ಯಾರೇಜಿನವರ ಮನೆಯಲ್ಲಿ ಅಷ್ಟಕ್ಕೇ ಮುಗಿಯುವುದಿಲ್ಲ, ಒಳಗಿನ ಇಂಜಿನ್ನಿಗೂ ಒಂದು ಮೊಳ ಚೆಂಡು ಹೂವು ಆಗಬೇಕು. ಹಿಂದಿನ ದಿನ ಅಪ್ಪ ಇಂಜಿನ್ನನ್ನು ಒದ್ದೆ ಬಟ್ಟೆಯಲ್ಲಿ ಮಗುವಿನ ಮೈ ಒರೆಸಿದ ಹಾಗೆ ಒರೆಸಿದ್ದ. ನಾನು ಕುಂಕುಮ ಇಟ್ಟು ಹೂವು ಕಟ್ಟಿದ್ದೆ. ಕಾರು ನಡುಗಲು ಶುರುವಾದ ಕೂಡಲೇ, ಅಪ್ಪ ಎಲ್ಲೋ ನೀರು ಬಿಟ್ಟಿದ್ದಾನೆ ಎಂದು ತೀರ್ಮಾನಿಸಿದೆ. ಅವನ ಮುಂದೆ ಅಂದೂ ಬಿಟ್ಟೆ. ಅದು ಮಾತ್ರ ಅವನಿಗೆ ಚೆನ್ನಾಗಿ ಕೇಳಿಸಿತು.

ಇಂದಿರಾನಗರದ ಗ್ಯಾರೇಜೊಂದಕ್ಕೆ ಒಯ್ದೆ. ಕಂಪ್ಯೂಟರ್ ಸಿಕ್ಕಿಸಿ ನೋಡಿದರು, ಪ್ಲಗ್ಗು ಬದಲಾಯಿಸಿದರು, ಏರ್ ಫಿಲ್ಟರ್ ಬದಲಾಯಿಸಿದರು. ಹಲಸೂರು ಸಿಗ್ನಲ್ಲಿಗೆ ಬರುವಷ್ಟರಲ್ಲಿ ಬಳೆ ಮತ್ತೆ ಗಲಗಲ.

ಆ ಭಾನುವಾರ ಬೆಳಗ್ಗೆ ಸೋತು, ಕೀ ಹಿಡಿದು ಅಪ್ಪನ ಮುಂದೆ ನಿಂತೆ. ಅವನು ಕೀ ಮುಟ್ಟಲಿಲ್ಲ, ನನ್ನನ್ನೇ ಸ್ಟಾರ್ಟ್ ಮಾಡಲು ಹೇಳಿದ. ಮಂಚದ ಕೆಳಗಿನ ಪೆಟ್ಟಿಗೆಯಿಂದ ಮೊಳದುದ್ದದ ರಬ್ಬರ್ ಟ್ಯೂಬೊಂದನ್ನು ತಂದ. ಅದು ನನಗೆ ಗೊತ್ತಿದ್ದದ್ದೇ. ಗ್ಯಾರೇಜಿನ ದಿನಗಳಲ್ಲಿ ಒಂದು ತುದಿಯನ್ನು ಕಿವಿಗೆ, ಇನ್ನೊಂದನ್ನು ಇಂಜಿನ್ನಿನ ಸಂದುಗೊಂದಿಗೆ ಹಿಡಿದು, ಡಾಕ್ಟರು ಎದೆ ನೋಡುವ ಹಾಗೆ ಕೇಳುತ್ತಿದ್ದ. ಈ ಸಲ ಟ್ಯೂಬನ್ನು ಕಿವಿಯ ತನಕ ಒಯ್ದವನು ಅಲ್ಲೇ ನಿಲ್ಲಿಸಿ, ನನ್ನ ಕೈಗಿಟ್ಟ.

'ನೀನು ಕೇಳಮ್ಮ,' ಎಂದ. 'ನಂಗೆ ಕೇಳ್ಸಲ್ಲ.'

ಆ ಮಾತು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು. ಅವನು ಆಗಲೇ ಬಾನೆಟ್ಟು ಎತ್ತಿ, ಫ್ಯಾನಿಗೆ ಸಿಕ್ಕೀತು, ವೇಲ್ ಸೊಂಟಕ್ಕೆ ಕಟ್ಟಿಕೋ ಎಂದ. ಆಮೇಲೆ ಮಡ್‌ಗಾರ್ಡಿನ ಅಂಚಿಗೆ ಅಂಗೈ ಇಟ್ಟು ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತಿನ ಮೇಲೆ, ಇಂಜಿನ್ನು ಎಲ್ಲೋ ಕದ್ದು ಗಾಳಿ ಎಳೆದುಕೊಳ್ಳುತ್ತಿದೆ ಎಂದ. ಲೆಕ್ಕಕ್ಕಿಂತ ಗಾಳಿ ಹೆಚ್ಚಾದರೆ ನಿಂತಲ್ಲಿ ಹೀಗೆ ನಡುಗುತ್ತದಂತೆ, ಓಡುವಾಗ ಗೊತ್ತಾಗುವುದಿಲ್ಲವಂತೆ. ಸುಯ್ ಅನ್ನುವ ಜಾಗ ಹುಡುಕು ಎಂದ.

ಟ್ಯೂಬಿನ ತುದಿಯನ್ನು ಒಂದೊಂದೇ ಪೈಪಿನ ಬುಡಕ್ಕೆ ಹಿಡಿಯುತ್ತ ಹೋದೆ. ಹಿಂಬದಿಯ ಸಂದಿನಲ್ಲಿ, ಬೆರಳಿನ ಗಾತ್ರದ ಪೈಪೊಂದು ಕೂರುವ ಕಡೆ, ಸುಯ್ ಎಂದು ಸ್ಪಷ್ಟವಾಗಿ ಕೇಳಿಸಿತು. ಅಪ್ಪನ ಭುಜ ತಟ್ಟಿ ತೋರಿಸಿದೆ. ಅವನು ಕೈ ತೂರಿಸಿ ಪೈಪನ್ನು ಅದುಮಿ ಹಿಡಿದ. ಇಂಜಿನ್ನು ಥಟ್ಟನೆ ಸಮಾಧಾನಕ್ಕೆ ಬಂತು. ಇನ್ನೊಂದು ಅಂಗೈಯಲ್ಲಿ ಅದು ತಿಳಿದು ಅಪ್ಪನ ಮುಖ ಅರಳಿತು.

ಆಫ್ ಮಾಡಿಸಿ ಬಗ್ಗಿ ನೋಡಿದ. ಪೈಪಿನ ಕುತ್ತಿಗೆಗೆ ಬಿಗಿದ ದಾರ, ಅದರಲ್ಲಿ ಒಣಗಿದ ಒಂದು ಚೆಂಡು ಹೂವು. ಕಟ್ಟಿದವಳು ನಾನು. ಹೂವು ಜೋತು ಬೀಳದಿರಲಿ ಎಂದು ಎಳೆದೆಳೆದು ಎರಡು ಗಂಟು ಹಾಕಿದ್ದೆ. ಆ ಎಳೆತಕ್ಕೆ ಪೈಪು ಅರ್ಧ ಕಳಚಿಕೊಂಡಿತ್ತು. ಅಪ್ಪ ದಾರ ಕತ್ತರಿಸಿ, ಪೈಪು ಒತ್ತಿ ಕೂರಿಸಿ, ಭಕ್ತಿ ಸ್ವಲ್ಪ ಜಾಸ್ತಿ ಆಯಿತು ಎಂದಷ್ಟೇ ಹೇಳಿದ.

'ನಂದೇ ತಪ್ಪಪ್ಪ,' ಎಂದೆ ಮೆಲ್ಲಗೆ.

ಅವನು 'ಆಂ?' ಎಂದ. ಇನ್ನೂ ಜೋರಾಗಿ ಹೇಳಿದೆ. ಮತ್ತೆ 'ಆಂ?' ಎಂದ. ಬೈಯುವಾಗ ಬೀದಿಗೆಲ್ಲ ಕೇಳಿಸಿದ್ದೆನಲ್ಲ, ಇದೂ ಕೇಳಲಿ ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಎದುರುಮನೆಯವರಿಬ್ಬರೂ ಕಿಟಕಿಗೆ ಬಂದರು. ಅಪ್ಪ ನಗುತ್ತಿದ್ದ. ಮೊದಲನೇ ಸಲವೇ ಅವನಿಗೆ ಗೊತ್ತಾಗಿತ್ತೋ ಏನೋ, ನಾನು ಕೇಳಲಿಲ್ಲ. ಅಳುತ್ತಲೇ ಕೀಯನ್ನು ಅವನ ಜೇಬಿಗೆ ಹಾಕಿದೆ.

ಈಗ ಬೆಳಗ್ಗೆ ಕಾರು ಸ್ಟಾರ್ಟ್ ಮಾಡುವುದು ಮತ್ತೆ ಅವನೇ. ಇಂಜಿನ್ನು ಎಷ್ಟು ನಯವಾಗಿದೆ ಎಂದರೆ ಅವನ ಅಂಗೈಗೂ ತಿಳಿಯುವುದಿಲ್ಲ. ಕೀ ತಿರುಗಿಸಿ, ಅಡುಗೆಮನೆ ಕಿಟಕಿಯ ಕಡೆ ತಲೆಯೆತ್ತಿ, ಓಡ್ತಾ ಇದೆಯಾ ಎಂದು ಹುಬ್ಬಿನಲ್ಲೇ ಕೇಳುತ್ತಾನೆ. ಒಲೆಯ ಮೇಲೆ ಏನೇ ಉಕ್ಕುತ್ತಿರಲಿ, ನಾನು ಕಿಟಕಿಗೆ ಬಂದು ಕೈ ಎತ್ತುತ್ತೇನೆ. ಆಮೇಲೆ ಅವನು ಕೀಯಿಂದ ಕೈ ತೆಗೆಯುತ್ತಾನೆ.